ನಲವತ್ತು ನಿಮಿಷದ ಅಪ್ಪಣೆ

ಏಳು ವರ್ಷದ ಹಿಂದೆ ನನ್ನ ಅತ್ತೆ ಏಳು ಜನ ದೇವಿಯರಿಗೆ ಒಂದು ಮಾತು ಕೊಟ್ಟರು. ನನ್ನ ಮಗಳು ಪಿನ್-ರೂ ದಿನ ತುಂಬುವ ಮೊದಲೇ ಹುಟ್ಟಿ, ಮೂಗಿಗೊಂದು ಬಾಯಿಗೊಂದು ಕೊಳವೆ ಹಾಕಿಸಿಕೊಂಡು ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಅತ್ತೆ ಸ್ಕೂಟರ್ ಹತ್ತಿ ನೇರ ಏಳು ತಾಯಂದಿರ ಗುಡಿಗೆ ಹೋದರು. "ಈ ಮಗು ಉಳೀಲಿ. ಇದನ್ನ ನಿಮ್ಮ ಮಡಿಲಿಗೆ ಹಾಕಿದೀನಿ. ಹದಿನಾರು ತುಂಬೋವರೆಗೂ ನಿಮ್ಮ ನಾಣ್ಯ ಇದರ ಕೊರಳಿಂದ ಒಂದು ಗಳಿಗೆನೂ ಇಳಿಯಲ್ಲ" ಎಂದು ಹೇಳಿ ಬಂದರು. ನನ್ನನ್ನು ಕೇಳಲಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳನ್ನು ಏನು ಕೇಳುವುದು ಎಂಬುದು ಅವರ ವಾದ. ದೇವಿಯರನ್ನು ಮಾತ್ರ ಕೇಳಿದರಂತೆ, ಅವರು ತಕ್ಷಣ ಒಪ್ಪಿದರಂತೆ. ಅತ್ತೆಯ ಮಾತಿಗೆ ತಕ್ಷಣ ಒಪ್ಪುವವರು ನನಗೆ ತಿಳಿದಂತೆ ಒಟ್ಟು ಎಂಟು ಜನ. ಎಂಟನೆಯವನು ನನ್ನ ಗಂಡ.

ಮಗು ಉಳಿಯಿತು. ಐದು ವಾರ ಮೂವರು ವೈದ್ಯರು, ಒಂದು ಹಿಂಡು ನರ್ಸ್‌ಗಳು ಹಗಲು ರಾತ್ರಿ ಪಾಳಿ ಮಾಡಿದ್ದನ್ನು ಅತ್ತೆ ಅಲ್ಲಗಳೆಯುವುದಿಲ್ಲ. "ಅವರೂ ಕೈ ಜೋಡಿಸಿದ್ರು" ಎನ್ನುತ್ತಾರೆ.

ಅಂದಿನಿಂದ ಆ ನಾಣ್ಯ ಮಗಳ ಕೊರಳಲ್ಲಿದೆ. ನಡುವೆ ಚೌಕದ ತೂತಿರುವ, ಹೆಬ್ಬೆರಳಿನ ಉಗುರಿನಷ್ಟಗಲದ ನಾಣ್ಯ, ಕೆಂಪು ದಾರ. ವರ್ಷಕ್ಕೊಮ್ಮೆ, ಏಳನೇ ತಿಂಗಳ ಏಳನೇ ದಿನ, ಗುಡಿಯಲ್ಲಿ ದಾರ ಬದಲಿಸುತ್ತಾರೆ. ಆಗಲೂ ಕೊರಳಲ್ಲಿದ್ದಂತೆಯೇ ಅದೇ ತೂತಿಗೆ ಹೊಸ ದಾರ ಪೋಣಿಸಿ ಗಂಟು ಹಾಕಿದ ಮೇಲೆ ಹಳೆಯದನ್ನು ಕತ್ತರಿಸುವುದು. ನಡುವೆ ಒಂದು ಕ್ಷಣದ ಬಿಡುವೂ ಇಲ್ಲ. ಸ್ನಾನಕ್ಕೂ ನಾಣ್ಯ, ನಿದ್ದೆಗೂ ನಾಣ್ಯ, ಈಜುಕೊಳಕ್ಕೂ ನಾಣ್ಯ. ಕೊನೆಗೆ ಅದು ಮಗಳ ಮೈಮೇಲಿನ ಮಚ್ಚೆಯ ಹಾಗಾಗಿ, ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಮುಂದೆ ನಡೆದ ಫಜೀತಿಗೆ ಅದೇ ಮೂಲ.

ನಾನು ತೈನಾನ್ ಊರಿನ ಒಂದು ಗಲ್ಲಿಯಲ್ಲಿ ಬೆಳಗಿನ ತಿಂಡಿಯ ಅಂಗಡಿ ನಡೆಸುತ್ತೇನೆ. ನಸುಕಿನ ನಾಲ್ಕಕ್ಕೆ ಕಾವಲಿ ಹಚ್ಚಿದರೆ ಹನ್ನೊಂದರವರೆಗೆ ಮೊಟ್ಟೆ ರೊಟ್ಟಿ ಮಗುಚುವುದು, ಎದುರಿಗೆ ಬಂದವರನ್ನೆಲ್ಲ "ಏನ್ ಬೇಕು ಸುಂದರಿ", "ಏನ್ ಕೊಡ್ಲಿ ಸುಂದರಾಂಗ" ಎಂದು ಕೂಗುವುದು. ಹಲ್ಲು ಪೂರ್ತಿ ಉದುರಿದವರೂ ನಮ್ಮ ಅಂಗಡಿಯಲ್ಲಿ ಸುಂದರಾಂಗರೇ. ಇಂಥ ಒಂದು ಬೆಳಿಗ್ಗೆ ಮೂಲೆಯ ಮೇಜಿನಲ್ಲಿ ಮೂಲಂಗಿ ಕಡುಬು ತಿನ್ನುತ್ತಿದ್ದ ಪಿನ್-ರೂ ಊಟದ ಕಡ್ಡಿಗಳನ್ನು ಗಾಳಿಯಲ್ಲೇ ಹಿಡಿದು ಕೂತಲ್ಲೇ ಸ್ತಬ್ಧಳಾದಳು. ಕಣ್ಣು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕರೆದೆ, ಅಲುಗಿಸಿದೆ. ಹತ್ತು ಎಣಿಸುವಷ್ಟರಲ್ಲಿ ವಾಪಸು ಬಂದು ಕಡುಬು ಅಗಿಯತೊಡಗಿದಳು. ಇನ್ನೊಂದು ಸಲವೂ ಹಾಗೆಯೇ. ಮೂರನೇ ಸಲ ಶಾಲೆಯ ಮೆಟ್ಟಿಲ ಮೇಲೆ ಆಯಿತು. ಗಲ್ಲಕ್ಕೆ ನಾಲ್ಕು ಹೊಲಿಗೆ ಬಿತ್ತು.

ಅತ್ತೆಯ ಕಣ್ಣೆದುರು ಇದು ಒಂದು ಸಲವೂ ಆಗಿರಲಿಲ್ಲ. ಆದ್ದರಿಂದ ಅವರಿಗೆ ಕಾಯಿಲೆ ಚೆನ್ನಾಗಿ ಗೊತ್ತಿತ್ತು. "ನಾಯಿ ಬೆದರಿಸಿದೆ" ಎಂದರು. ಲೋಟದ ತುಂಬ ಅಕ್ಕಿ ಹಾಕಿ, ಮಗಳ ಬನಿಯನ್ನಿನಿಂದ ಮುಚ್ಚಿ, ತಲೆಯ ಮೇಲೆ ಮೂರು ಸಲ ಇಳಿತೆಗೆದು, ಅಕ್ಕಿಯ ಗುರುತು ನೋಡಿ, ನಾಯಿ ಕಪ್ಪು, ಬಾಲ ಮೋಟು ಎಂದೂ ಹೇಳಿದರು. ನರರೋಗ ತಜ್ಞರಿಗೆ ಅಷ್ಟು ಸ್ಪಷ್ಟತೆ ಇರಲಿಲ್ಲ. "ತಲೆಯ ಎಂಆರ್‌ಐ ಮಾಡ್ಸೋಣ. ಒಳಗೆ ಏನಾದ್ರೂ ಇದೆಯಾ ನೋಡ್ಬೇಕು" ಎಂದರು. ಸರದಿ ಏಳು ವಾರದ ನಂತರ ಸಿಕ್ಕಿತು. 'ಏನಾದ್ರೂ' ಎಂಬ ಒಂದು ಪದವನ್ನು ಏಳು ವಾರ ಕಾವಲಿಯ ಮೇಲೆ ಮಗುಚಿ ಹಾಕುತ್ತ ಕಳೆದೆ. ಅದು ಬೇಯಲೂ ಇಲ್ಲ, ಸೀಯಲೂ ಇಲ್ಲ.

ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದರು. ಮೈಯೊಳಗೆ ಅಥವಾ ಮೈಮೇಲೆ ಲೋಹ ಇದೆಯೇ? ಹನ್ನೆರಡು ಪ್ರಶ್ನೆ, ಹನ್ನೆರಡಕ್ಕೂ 'ಇಲ್ಲ' ಎಂದು ಗುರುತು ಹಾಕಿ ಸಹಿ ಮಾಡಿದೆ. ಮಗಳು ಆಗ ನನ್ನ ತೊಡೆಯ ಮೇಲೆ ಕೂತು ನಾಣ್ಯ ಚೀಪುತ್ತಿದ್ದಳು.

ಆ ದಿನ ಅಂಗಡಿ ಮುಚ್ಚಿದೆ. ಗಂಡ ಗುವಾನ್-ತಿಂಗ್‌ಗೆ ಕಾರ್ಖಾನೆಯಲ್ಲಿ ತಪ್ಪಿಸಲಾಗದ ಮೀಟಿಂಗು. ಫೋನಿಗೆ ಮುಷ್ಟಿ ಬಿಗಿದು ಧೈರ್ಯ ಹೇಳುವ ಕರಡಿಯ ಚಿತ್ರ ಕಳಿಸಿದ. ಐದು ನಿಮಿಷ ಬಿಟ್ಟು ಇನ್ನೊಂದು ಕರಡಿ. ತಂದೆಯ ಜವಾಬ್ದಾರಿಯನ್ನು ಹೀಗೆ ಎರಡು ಕರಡಿಗಳು ಹೊತ್ತವು. ಅತ್ತೆ ಮಾತ್ರ ಬೇಡವೆಂದರೂ ಹೊರಟರು, ಕಂಕುಳಲ್ಲಿ ಒಂದು ಡಬ್ಬಿಯೊಂದಿಗೆ.

ಸ್ಕ್ಯಾನ್ ವಿಭಾಗ ನೆಲದಡಿಯ ಎರಡನೇ ಮಹಡಿಯಲ್ಲಿತ್ತು. ಯಂತ್ರ ನೋಡಿಕೊಳ್ಳುವವನ ಹೆಸರು ಶ್ಯಾವ್. ಮೂವತ್ತರ ಆಸುಪಾಸು, ನನಗಿಂತ ಕಡಿಮೆ ನಿದ್ದೆ ಮಾಡಿದಂತಿದ್ದ. ಅವನು ಬಾಗಿಲು ತೆರೆಯುತ್ತಿದ್ದಂತೆ ಅತ್ತೆ ಡಬ್ಬಿ ಮುಂದೆ ಚಾಚಿದರು.

"ಇಗೋಪ್ಪ, ಅನಾನಸ್ ಕೇಕು. ಎಲ್ರೂ ಹಂಚ್ಕೊಂಡು ತಿನ್ನಿ, ನಮ್ಮ ಮಗೂನ ಸ್ವಲ್ಪ ಚೆನ್ನಾಗಿ ನೋಡ್ಕೊಳಿ."

ಶ್ಯಾವ್ ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದ. "ಆಮಾ, ದಮ್ಮಯ್ಯ, ಅದನ್ನ ಒಳಗೆ ತರ್ಬೇಡಿ! ಆಸ್ಪತ್ರೆಗೆ ಅನಾನಸ್ ಬಂತು ಅಂದ್ರೆ ಮುಗೀತು, ಆವತ್ತು ರೋಗಿಗಳ ಜಾತ್ರೆ. ಹೋದ ತಿಂಗಳು ಯಾರೋ ತಂದು, ಹದಿನಾಲ್ಕು ಗಂಟೆ ಮನೆಗೆ ಹೋಗಿಲ್ಲ ನಾವು."

ಅನಾನಸ್ ಎಂಬ ಪದ ನಮ್ಮ ಮಾತಿನಲ್ಲಿ 'ವ್ಯಾಪಾರ ಕುದುರಲಿ' ಎಂದಂತೆ ಕೇಳಿಸುತ್ತದೆ; ಆಸ್ಪತ್ರೆಗೆ ಕುದುರುವುದು ರೋಗಿಗಳು. ಆಮಾ ಎಂದರೆ ಅಜ್ಜಿ. ಇಲ್ಲಿ ಊರಿಗೆಲ್ಲ ಅತ್ತೆ ಆಮಾ. ಅವರು ಡಬ್ಬಿಯನ್ನು ವಾಪಸು ಕಂಕುಳಿಗೆ ಸೇರಿಸಿ, ಅವನನ್ನು ಹೊಸ ಗೌರವದಿಂದ ನೋಡಿದರು. ನಂಬಿಕೆಯಿರುವ ಮನುಷ್ಯ ಎಂಬ ಭಾವ. ಆ ಗೌರವ ಒಂದೂವರೆ ನಿಮಿಷ ಬಾಳಿತು. ಶ್ಯಾವ್ ಲೋಹ ಹಿಡಿಯುವ ಕೋಲನ್ನು ಪಿನ್-ರೂ ಮೈಮೇಲೆ ಆಡಿಸಿದ; ಕೊರಳ ಬಳಿ ಅದು ಕುಂಯ್ ಎಂದಿತು.

"ಇದನ್ನ ತೆಗೀಬೇಕು. ಫಾರಮ್ಮಲ್ಲಿ ಇಲ್ಲ ಅಂತ ಬರ್ದಿದೀರಲ್ಲ ಅಮ್ಮ?"

ನಾನು ನಾಣ್ಯ ನೋಡಿದೆ. ಏಳು ವರ್ಷದಲ್ಲಿ ಮೊದಲ ಸಲ ನೋಡಿದಂತೆ ನೋಡಿದೆ.

"ಅದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ತೆಗೀರಿ" ಎಂದರು ಅತ್ತೆ.

"ಆಮಾ, ಒಳಗಿರೋದು ಅಯಸ್ಕಾಂತ. ಲೋಹ ಹೋಗೋ ಹಾಗಿಲ್ಲ."

"ಅದು ಅಪ್ಪಟ ಬೆಳ್ಳಿ ಕಣಪ್ಪ. ಬೆಳ್ಳಿಗೆ ಅಯಸ್ಕಾಂತ ಏನ್ ಮಾಡುತ್ತೆ? ನಾನೂ ಶಾಲೆಗೆ ಹೋಗಿದೀನಿ."

"ಎಷ್ಟನೇ ಕ್ಲಾಸ್‌ವರೆಗೆ ಆಮಾ?"

"ಅಯಸ್ಕಾಂತದ ಪಾಠದವರೆಗೆ."

ಶ್ಯಾವ್ ವಾದ ಬೆಳೆಸಲಿಲ್ಲ. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ನಾಣ್ಯದ ಹತ್ತಿರ ಹಿಡಿದ. ಟಕ್ಕೆಂದು ಅಂಟಿಕೊಂಡಿತು. ಗುಡಿಯ ಪಕ್ಕದ ಗಲ್ಲಿಯಲ್ಲಿ ಅತ್ತೆ ಹಲ್ಲಲ್ಲಿ ಕಚ್ಚಿ ಪರೀಕ್ಷಿಸಿ ತಂದ ಅಪ್ಪಟ ಬೆಳ್ಳಿ ಅದು. ಕಾರಿಡಾರಿನ ಕುರ್ಚಿಗಳಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಅತ್ತೆ ಎಲ್ಲರೆದುರು ಸೋಲುವ ಇಂಥ ಗಳಿಗೆ ನನಗೆ ಒಂಬತ್ತು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಿಕ್ಕಿತ್ತು. ಆದರೂ ಅದನ್ನು ಬಳಸಿಕೊಳ್ಳಲಿಲ್ಲ.

ಅತ್ತೆ ಅಯಸ್ಕಾಂತವನ್ನು ಕಿತ್ತು ಶ್ಯಾವ್ ಕೈಗಿಟ್ಟರು. ಆಮೇಲೆ ಅಂದರು: "ನಾಣ್ಯ ಖೋಟಾ ಇರಬಹುದು. ನಾನು ಕೊಟ್ಟ ಮಾತು ಖೋಟಾ ಅಲ್ಲ."

"ದಾರ ಹತ್ತಿದು, ಅದಿರಲಿ. ನಾಣ್ಯ ಮಾತ್ರ ತೆಗೆಯೋಣ" ಎಂದ ಶ್ಯಾವ್.

"ಬೀಗ ತೆಗೆದು ಚಿಲಕ ಇಟ್ಕೊ ಅಂದಂಗಾಯ್ತು."

ಇನ್ನು ನನ್ನ ಕೆಲಸ ಎಂದುಕೊಂಡೆ. ನರ್ಸ್ ಹತ್ತಿರ ಕತ್ತರಿ ಇಸಿದುಕೊಂಡು ಮಗಳ ಕಡೆ ತಿರುಗಿದೆ. ಅವಳು ಎರಡೂ ಕೈಯಲ್ಲಿ ನಾಣ್ಯವನ್ನು ಮುಷ್ಟಿ ಹಿಡಿದು ಗೋಡೆಗೆ ಆತುಕೊಂಡಳು.

"ಬೇಡ! ತೆಗೆದ್ರೆ ನಾನು ಯಾರು ಅಂತ ಆ ತಾಯಂದಿರಿಗೆ ಗೊತ್ತಾಗಲ್ಲ! ಆಮಾ ಹೇಳಿದಾರೆ! ಗೊತ್ತಾಗ್ದಿದ್ರೆ ವಾಪಸ್ ಕರ್ಕೊಂಡ್ ಹೋಗ್ತಾರೆ!"

ಹೀಗೆಂದು ಅಳಲು ಶುರುಮಾಡಿದಳು. ಮಗುವಿಗೆ ಧೈರ್ಯ ತುಂಬಲೆಂದು ಅಜ್ಜಿ ಏಳು ವರ್ಷ ಹೇಳಿದ ಕತೆ ಎಷ್ಟು ಚೆನ್ನಾಗಿ ನಾಟಿತ್ತೆಂದರೆ, ಅವಳ ಕಿರುಚಾಟಕ್ಕೆ ಪಕ್ಕದ ಕ್ಷಕಿರಣ ಕೋಣೆಯಿಂದಲೂ ಜನ ಇಣುಕಿದರು.

ಶ್ಯಾವ್ ನನ್ನನ್ನು ಪಕ್ಕಕ್ಕೆ ಕರೆದ. "ಬಲವಂತವಾಗಿ ಕತ್ತರಿಸಿದ್ರೂ ಪ್ರಯೋಜನ ಇಲ್ಲಮ್ಮ. ನಲವತ್ತು ನಿಮಿಷ ಕಲ್ಲಿನ ಹಾಗೆ ಮಲಗ್ಬೇಕು. ಬಿಕ್ಕಿದ್ರೂ ಚಿತ್ರ ಮಬ್ಬಾಗುತ್ತೆ. ಮದ್ದು ಕೊಟ್ಟು ಮಲಗಿಸೋದಾದ್ರೆ ಬೇರೆ ದಿನ, ಬೇರೆ ಸಾಲು."

"ಎಷ್ಟು ದಿನ ಆಗುತ್ತೆ?"

"ಎಂಟೊಂಬತ್ತು ವಾರ."

ಇನ್ನೂ ಒಂಬತ್ತು ವಾರ 'ಏನಾದ್ರೂ'. ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೆ, ನೀವೇ ಹೇಳಿ ಅವಳಿಗೆ. ನಿಮ್ಮ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ ಅವಳು."

"ನಾನು ಹೇಗೆ ಹೇಳ್ಲಿ? ಕೊಟ್ಟವಳೇ ಕಿತ್ಕೊಂಡ್ರೆ ಆಗುತ್ತಾ? ಅಪ್ಪಣೆ ಕೇಳ್ಬೇಕು."

"ಯಾರನ್ನ?"

ದಡ್ಡಿಯನ್ನು ನೋಡುವಂತೆ ನೋಡಿದರು. ಶ್ಯಾವ್ ಗಡಿಯಾರ ನೋಡಿ, "ಆಮಾ, ಇದು ವಿಜ್ಞಾನದ ಜಾಗ..." ಎಂದು ಶುರುಮಾಡಿದ. ಅತ್ತೆ ಅವನ ಬೆನ್ನ ಹಿಂದಿನ ಗಾಜಿನತ್ತ ಬೆರಳು ತೋರಿಸಿದರು. ಗಾಜಿನಾಚೆ, ಕೋಟಿಗಟ್ಟಲೆ ಬೆಲೆಯ ಯಂತ್ರದ ಕಂಪ್ಯೂಟರಿನ ನೆತ್ತಿಯ ಮೇಲೆ ಮಕ್ಕಳು ತಿನ್ನುವ ಜೋಳದ ಕುರುಕಲಿನ ಒಂದು ಹಸಿರು ಪೊಟ್ಟಣ ಕೂತಿತ್ತು.

"ಅದ್ಯಾಕಪ್ಪ ಅಲ್ಲಿ? ಯಂತ್ರಕ್ಕೆ ಹಸಿವಾಗುತ್ತಾ?"

ಶ್ಯಾವ್ ಕಿವಿ ಕೆಂಪಾಯಿತು. "ಅದು... ಯಂತ್ರ ಹಟ ಮಾಡ್ದೆ ಇರ್ಲಿ ಅಂತ. ಎಲ್ಲಾ ಕಡೆ ಇಡ್ತಾರೆ."

"ಹಳದಿ ಪೊಟ್ಟಣ ಇಟ್ರೆ?"

"ಅಯ್ಯೋ, ಹಳದಿ ಇಡಬಾರದು. ಕೆಟ್ಟು ಕೂರುತ್ತೆ. ತಾರೀಖು ಮುಗಿದಿದ್ದನ್ನೂ ಇಡಬಾರದು."

"ಸರಿ ಮತ್ತೆ. ನಿನ್ನ ಯಂತ್ರಕ್ಕೆ ನೀನು ಲಂಚ ಕೊಡು, ನಮ್ಮ ತಾಯಂದಿರನ್ನ ನಾನು ಒಂದು ಮಾತು ಕೇಳ್ತೀನಿ. ವಿಜ್ಞಾನಕ್ಕೆ ಏನೂ ನೋವಾಗಲ್ಲ."

ಕುರ್ಚಿಗಳಲ್ಲಿ ನಗು ಎದ್ದಿತು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕರೊಬ್ಬರು ಕೋಲೂರಿ ಎದ್ದರು. "ನನ್ನ ಸರದಿ ಮುಂದಿಂದು. ನಾನು ಈಗಲೇ ಹೋಗ್ತೀನಿ, ನೀವು ನಿಧಾನವಾಗಿ ವಿಚಾರಿಸ್ಕೊಳಿ ತಾಯಿ. ನಲವತ್ತು ವರ್ಷದಿಂದ ನೋಯ್ತಿರೋ ಮಂಡಿ, ಅರ್ಧ ಗಂಟೆ ಮುಂಚೆ ಫೋಟೋ ತೆಗೆದ್ರೆ ಬೇಜಾರು ಮಾಡ್ಕೊಳಲ್ಲ."

"ಇಪ್ಪತ್ತು ನಿಮಿಷ" ಎಂದ ಶ್ಯಾವ್ ನನಗೆ. "ಇವರು ಹೊರಗೆ ಬರೋ ಹೊತ್ತಿಗೆ ಮಗು ತಯಾರಿಲ್ಲ ಅಂದ್ರೆ ಮುಂದಿನವರನ್ನ ಕರೀತೀನಿ. ನಾನೇನೂ ಮಾಡೋಕಾಗಲ್ಲ."

ಅತ್ತೆ ಕಾರಿಡಾರಿನ ನೆಲದ ಮೇಲೆ ಮಂಡಿಯೂರಿ ಕೂತರು. ಗುಡಿಯಲ್ಲಾದರೆ ಅರ್ಧಚಂದ್ರದ ಎರಡು ಮರದ ತುಂಡು ಎಸೆದು ಕೇಳುತ್ತಾರೆ. ಇಲ್ಲಿ ಹತ್ತರ ಎರಡು ನಾಣ್ಯ. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಹೂಂ. ಎರಡೂ ಕವುಚಿದರೆ ಊಹೂಂ. ಎರಡೂ ಮೇಲ್ಮುಖವಾದರೆ ದೇವಿ ನಗುತ್ತಿದ್ದಾಳೆ ಎಂದು ಅರ್ಥ. ದೊಡ್ಡ ವಿಷಯವಾದರೆ ಸತತ ಮೂರು ಹೂಂ ಬೇಕು. ಕೊರಳ ನಾಣ್ಯ ಇಳಿಸುವುದು ದೊಡ್ಡ ವಿಷಯ.

ಎಸೆದರು. ಎರಡೂ ಮೇಲ್ಮುಖ.

"ನಗ್ತಿದಾರೆ" ಎಂದಳು ಪೆಟ್ಟಾದ ತೋಳನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗುಹಾಕಿಕೊಂಡಿದ್ದ ಒಬ್ಬ ಹೆಂಗಸು.

ಮತ್ತೆ ಎಸೆದರು. ಮತ್ತೆ ನಗು. ಏಳು ಜನಕ್ಕೂ ನಮ್ಮ ಪರಿಸ್ಥಿತಿ ಬಹಳ ತಮಾಷೆಯಾಗಿ ಕಂಡಿರಬೇಕು. ನನ್ನ ಜೇಬಿನೊಳಗೆ ಮೂರನೇ ಕರಡಿ ಬಂದು ಸದ್ದು ಮಾಡಿತು.

"ನೀವು ಕೇಳೋದೇ ಸರಿಯಾಗಿಲ್ಲ ಅಕ್ಕಾ" ಎಂದಳು ಜೋಳಿಗೆಯವಳು. "ವಿಳಾಸ ಹೇಳಿದ್ರಾ? ಇದು ಗುಡಿ ಅಲ್ಲ, ನೆಲದಡಿ ಬೇರೆ. ಎಲ್ಲಿಂದ ಕೇಳ್ತಿದೀರಿ ಅಂತ ಅವರಿಗೆ ಗೊತ್ತಾಗ್ಬೇಡ್ವಾ?"

"ಎಷ್ಟು ಹೊತ್ತು ಅಂತನೂ ಹೇಳಿ" ಎಂದ ಇನ್ನೊಬ್ಬ. "ಸುಮ್ನೆ 'ತೆಗೀಲಾ' ಅಂದ್ರೆ ಯಾರು ಒಪ್ತಾರೆ?"

ಅತ್ತೆ ತಲೆಯಾಡಿಸಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಅರ್ಜಿ ಒಪ್ಪಿಸಿದರು. ಮಗುವಿನ ಹೆಸರು, ಹುಟ್ಟಿದ ದಿನ, ಮನೆಯ ಗಲ್ಲಿ, ಆಸ್ಪತ್ರೆಯ ಕಟ್ಟಡ, ನೆಲದಡಿ ಎರಡನೇ ಮಹಡಿ, ಮೂರನೇ ಕೋಣೆ, ಬರೀ ನಲವತ್ತು ನಿಮಿಷ. ನಾನು ತುಂಬಿದ ಫಾರಮ್ಮಿಗಿಂತ ಅದು ನಿಖರವಾಗಿತ್ತು.

ಎಸೆದರು. ಹೂಂ. ಕುರ್ಚಿಗಳು ಉಸಿರು ಬಿಟ್ಟವು. ಮತ್ತೆ ಎಸೆದರು. ಎರಡನೇ ಹೂಂ. ಮಗಳು ಗೋಡೆಗೆ ಆತುಕೊಂಡು ಅಳುತ್ತಲೇ ಇದ್ದಳು. ಮೂರನೇ ಸಲ ಎಸೆದಾಗ ಒಂದು ನಾಣ್ಯ ಅಲ್ಲೇ ಕವುಚಿತು. ಇನ್ನೊಂದು ಅಂಚಿನ ಮೇಲೆ ನಿಂತು, ಉರುಳಿ, ಚಹಾ ಬಾಟಲಿ ಮಾರುವ ಯಂತ್ರದ ಅಡಿಗೆ ಹೋಯಿತು.

"ಯಾವ ಮುಖ? ಯಾವ ಮುಖ?" ಎಂದು ಎಲ್ಲರೂ ಎದ್ದರು. ನಾನು ಯಾವಾಗ ನೆಲಕ್ಕೆ ಬಿದ್ದೆನೋ ತಿಳಿಯದು. ಕೆನ್ನೆಯನ್ನು ತಣ್ಣನೆ ನೆಲಕ್ಕೆ ಒತ್ತಿ, ಫೋನಿನ ದೀಪ ಹಾಕಿ, ಆ ಕಪ್ಪು ಸಂದಿಯೊಳಗೆ ಇಣುಕುತ್ತಿದ್ದೆ. ಒಂಬತ್ತು ವರ್ಷ ಅತ್ತೆಯ ಅಕ್ಕಿ ಲೋಟಕ್ಕೆ, ಗುಡಿಯ ಬೂದಿ ಕದಡಿದ ನೀರಿಗೆ ಮನಸ್ಸಿನಲ್ಲೇ ನಕ್ಕವಳು, ಮೇಲ್ಮುಖ ಬಿದ್ದಿರಲಿ ಎಂದು ಹಲ್ಲು ಕಚ್ಚಿ ಬೇಡುತ್ತಿದ್ದೆ. ಯಾರನ್ನು ಬೇಡಿದೆನೋ, ಅವರಿಗೆ ನಾನು ಯಾರೆಂದು ಪರಿಚಯವಿದ್ದರೆ ಪುಣ್ಯ.

"ಕಾಣ್ತು! ಅಗೋ, ಮೂಲೇಲಿದೆ!" ಎಂದಳು ನನ್ನ ಪಕ್ಕ ಬಾಗಿದ್ದ ಜೋಳಿಗೆಯವಳು.

ಆಗಲೇ ನನಗೆ ತಿಳಿದದ್ದು, ಅಳು ನಿಂತಿದೆ ಎಂದು.

ತಿರುಗಿ ನೋಡಿದೆ. ಪಿನ್-ರೂ ಗೋಡೆಗೆ ಒರಗಿದಂತೆಯೇ ಇದ್ದಳು. ಬಾಯಿ ಅರ್ಧ ತೆರೆದಿತ್ತು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಅದನ್ನು ಅಳುವವಳು ಇರಲಿಲ್ಲ. ಅತ್ತೆ ಅವಳೆದುರು ಮಂಡಿಯ ಮೇಲೆಯೇ ಇದ್ದರು, ಎರಡು ಗೇಣು ದೂರದಲ್ಲಿ.

"ಪಿನ್-ರೂ" ಎಂದರು. "ಕಂದಾ. ಏಯ್. ಆಮಾ ಕಣೇ. ಇಲ್ಲಿ ನೋಡೇ."

ನಾನು ಅಭ್ಯಾಸದಂತೆ ಎಣಿಸತೊಡಗಿದೆ. ನಾಲ್ಕು, ಐದು. ಮಗಳ ಮುಷ್ಟಿ ಸಡಿಲಾಗಿ ನಾಣ್ಯ ಎದೆಯ ಮೇಲೆ ತೂಗಿತು. ಕತ್ತರಿ ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣದ ಕೆಲಸ. ಮೆಲ್ಲಗೆ ಹತ್ತಿರ ಸರಿದು ದಾರಕ್ಕೆ ಕೈ ಹಾಕಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಬೇಡ. ಅವಳು ಇಲ್ದಿರೋ ಹೊತ್ತಲ್ಲಿ ತೆಗೆದ್ರೆ ಕದ್ದಂಗಾಗುತ್ತೆ. ಬರ್ಲಿ."

ಹನ್ನೆರಡು, ಹದಿಮೂರು, ಹದಿನಾಲ್ಕು. ಮಗಳು ರೆಪ್ಪೆ ಬಡಿದಳು. ಬಿಟ್ಟ ಜಾಗದಿಂದಲೇ ಅಳು ಮುಂದುವರಿಸಲು ಬಾಯಿ ತೆರೆದವಳು, ಅಜ್ಜಿಯ ಮುಖ ನೋಡಿ ನಿಲ್ಲಿಸಿದಳು.

"ಹೀಗೆನಾ ಆಗೋದು?" ಎಂದು ಅತ್ತೆ ನನ್ನನ್ನು ಕೇಳಿದರು. "ಶಾಲೆಯಲ್ಲೂ ಹೀಗೇನಾ?"

"ಹೂಂ ಅತ್ತೆ."

"ಇದು ನಾಯಿ ಅಲ್ಲ" ಎಂದರು.

ಹಿಂದಿನಿಂದ ಜೋಳಿಗೆಯವಳು ಕೂಗಿದಳು. "ಅಕ್ಕಾ, ನಾಣ್ಯ ಇಲ್ಲೇ ಇದೆ! ಹೇಳ್ಲಾ ಯಾವ ಮುಖ ಅಂತ?"

"ಬೇಡಮ್ಮ. ಹೇಳ್ಬೇಡ." ಅತ್ತೆ ತಿರುಗಿಯೂ ನೋಡಲಿಲ್ಲ. "ಅವರು ಊಹೂಂ ಅಂದಿದ್ರೆ ನಾನು ಅವರ ಮಾತೂ ಮೀರ್ಬೇಕಾಗುತ್ತೆ. ಅದೊಂದು ಪಾಪನಾದ್ರೂ ತಪ್ಲಿ." ನನ್ನ ಕಡೆ ಕೈ ಚಾಚಿದರು. "ಕತ್ತರಿ ಕೊಡು."

ಕೊಟ್ಟೆ.

"ಇಲ್ಲಿ ಕೇಳು ಕಂದಾ. ಇದನ್ನ ಈಗ ನಾನು ತೆಗೀತೀನಿ. ನಿಮ್ಮಮ್ಮ ಅಲ್ಲ, ಆ ಯಂತ್ರದ ಅಣ್ಣ ಅಲ್ಲ, ನಾನು. ಅವರು ಕೇಳಿದ್ರೆ ಆಮಾ ತೆಗೆದ್ಲು ಅಂತ ಹೇಳು. ನಿನ್ನನ್ನ ಯಾರೂ ಎಲ್ಲಿಗೂ ಕರ್ಕೊಂಡ್ ಹೋಗಲ್ಲ. ಕರ್ಕೊಂಡ್ ಹೋಗೋಕೆ ಬಂದ್ರೆ ಬಾಗಿಲಲ್ಲಿ ನಾನಿರ್ತೀನಿ."

ಮಗಳು ಯೋಚಿಸಿದಳು. "ನಿಂಗೆ ಬೈತಾರಾ ಆಮಾ?"

"ಬೈಲಿ ಬಿಡು. ನಿಮ್ಮಮ್ಮನ ಕೈಲಿ ಒಂಬತ್ತು ವರ್ಷದಿಂದ ಬೈಸ್ಕೊಂಡಿದೀನಿ, ಇನ್ನೇಳು ಜನ ಯಾವ ಲೆಕ್ಕ?"

ನಾನು ಅವರನ್ನು ಬಾಯಿಬಿಟ್ಟು ಒಂದು ದಿನವೂ ಬೈದಿಲ್ಲ. ಒಳಗೊಳಗೇ ಬೈದದ್ದೆಲ್ಲ ಅವರಿಗೆ ಕೇಳಿಸುತ್ತಿತ್ತು ಎಂದು ಆಗ ಗೊತ್ತಾಯಿತು.

ಪಿನ್-ರೂ ಗಲ್ಲ ಮೇಲೆತ್ತಿ ಕೊರಳು ಕೊಟ್ಟಳು. ದಾರ ಹೊಸದು, ಗಟ್ಟಿ. ಎರಡು ಸಲ ಕತ್ತರಿಸಬೇಕಾಯಿತು. ನಾಣ್ಯ ಅತ್ತೆಯ ಅಂಗೈಗೆ ಬಿತ್ತು. ಅದರಡಿಯ ಚರ್ಮ ಸುತ್ತಲಿನದಕ್ಕಿಂತ ಬೆಳ್ಳಗಿತ್ತು. ಬಾಗಿಲು ತೆರೆದು ಮಂಡಿಯ ಮುದುಕರು ಕುಂಟುತ್ತ ಹೊರಬಂದರು. "ಏನಂದ್ರು?" ಎಂದು ಕೇಳಿದರು. ಅತ್ತೆ ಮೊಮ್ಮಗಳ ಕೈ ಹಿಡಿದು ತೆರೆದ ಬಾಗಿಲತ್ತ ನಡೆದರು.

ನಾನೂ ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಕೂತೆ, ಮಗಳ ಪಾದ ಹಿಡಿದುಕೊಂಡು. ರಸ್ತೆ ಅಗೆಯುವ ಯಂತ್ರವನ್ನು ಡ್ರಮ್ಮಿನೊಳಗೆ ಕೂರಿಸಿದಂಥ ಸದ್ದು. ಪಾದ ಅಲುಗಲಿಲ್ಲ. ಮನೆಯಲ್ಲಿ ಊಟಕ್ಕೆ ಎರಡು ನಿಮಿಷ ನೆಟ್ಟಗೆ ಕೂರದ ಹುಡುಗಿ ನಲವತ್ತು ನಿಮಿಷ ಕಲ್ಲಾಗಿದ್ದಳು. ಚಿತ್ರಗಳು ಸ್ಪಷ್ಟವಾಗಿ ಬಂದಿವೆ ಎಂದ ಶ್ಯಾವ್. ಅದರಲ್ಲೇನಿದೆ ಎಂದು ಅವನು ಹೇಳುವಂತಿಲ್ಲ, ಮಂಗಳವಾರ ವೈದ್ಯರು ಹೇಳುತ್ತಾರೆ. ಅವನ ಮುಖದಲ್ಲಿ ಓದಲು ನೋಡಿದೆ. ನಿದ್ದೆಗೆಟ್ಟ ಮುಖ, ಅಷ್ಟೇ.

ಅತ್ತೆ ಹೇಳಿದಂತೆ ಬಾಗಿಲಲ್ಲೇ ನಿಂತಿದ್ದರು. ಕೂರಲು ಹೇಳಿದರೂ ಕೂರಲಿಲ್ಲವಂತೆ. ಪಿನ್-ರೂ ಓಡಿ ಹೋಗಿ ಕೊರಳು ಚಾಚಿದಳು.

"ಹಾಕು ಆಮಾ."

"ಆಗಲ್ಲ ಕಂದಾ. ಕತ್ತರಿಸಿದ್ದನ್ನ ಮತ್ತೆ ಕಟ್ಟಬಾರದು."

"ಗುಡಿಗೆ ಹೋಗೋಣ್ವಾ ಅತ್ತೆ?" ಎಂದೆ. ಏಳು ವರ್ಷದಲ್ಲಿ ನಾನಾಗಿ ಕೇಳಿದ್ದು ಅದೇ ಮೊದಲು. "ತಪ್ಪು ಕಾಣಿಕೆ ಹಾಕಿ, ಹೊಸದು ಕಟ್ಟಿಸ್ಕೊಂಡ್ ಬರೋಣ."

"ಹೋಗೋಣ. ಆದ್ರೆ ಅದು ಹೊಸ ಮಾತು. ಇದು ಹೋಯ್ತು."

ಅತ್ತೆ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡರು. ಹದಿನಾರು ವರ್ಷಕ್ಕೆಂದು ಕೊಟ್ಟ ಮಾತು ಏಳು ವರ್ಷ ಎರಡು ತಿಂಗಳಿಗೆ ಮುರಿಯಿತು. ಕೊಟ್ಟವರೇ ಮುರಿದರು.